ಕಸದ ರಾಶಿಯ ಕೆಳಗಿನ ಜೌಗು ತೋಡು ಮತ್ತು ಬಾವಿಗಳ ನೀರನ್ನು ವರ್ಷವಿಡೀ ಪರೀಕ್ಷಿಸುವುದು ಹೇಗೆ?

ಪ್ರಶ್ನೆ: ಗದ್ದೆಕರೆ

ನಮ್ಮ ಮನೆ ದಕ್ಷಿಣ ಕೊಡಗಿನ ಒಂದು ಗ್ರಾಮದಲ್ಲಿದೆ. ಮನೆಯ ಕೆಳಗಿನ ಗದ್ದೆಯಲ್ಲಿ ಬೇಸಾಯ ನಿಂತು ಬಹಳ ವರ್ಷಗಳಾಗಿದ್ದು, ಈಗ ಅಲ್ಲಿ ಜೊಂಡು ಬೆಳೆದು ಇಡೀ ಬಯಲು ಜೌಗಾಗಿದೆ. ಅದರ ನಡುವೆ ಹರಿಯುವ ತೋಡು ಮುಂದೆ ಹೊಳೆಗೆ ಸೇರಿ, ಆ ಹೊಳೆ ಲಕ್ಷ್ಮಣತೀರ್ಥ ನದಿಯನ್ನು ಸೇರುತ್ತದೆ. ಜೌಗಿನ ಮೇಲ್ತುದಿಯ ಇಳಿಜಾರಿನಲ್ಲಿ ಹತ್ತಿರದ ಪೇಟೆಯ ಕಸವನ್ನು ತಂದು ಸುರಿಯುತ್ತಾ ಬಂದಿದ್ದಾರೆ. ಮಳೆಗಾಲದಲ್ಲಿ ಆ ರಾಶಿಯ ಬುಡದಿಂದ ಕಪ್ಪು ನೀರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಬೇಸಿಗೆಯಲ್ಲಿ ತೋಡಿನ ಅಂಚಿನಲ್ಲಿ ತುಕ್ಕಿನ ಬಣ್ಣದ ಕೆಸರು ನಿಲ್ಲುತ್ತದೆ ಮತ್ತು ನೀರಿನ ಮೇಲೆ ಎಣ್ಣೆಯಂತಹ ಪೊರೆ ಕಟ್ಟುತ್ತದೆ.

ಜೌಗಿನ ಸುತ್ತ ನಮ್ಮದೂ ಸೇರಿ 4 ಮನೆಗಳ ತೆರೆದ ಬಾವಿಗಳಿವೆ, ಸ್ವಲ್ಪ ಮೇಲೆ ತೋಟದಲ್ಲಿ ಒಂದು ಬೋರ್‌ವೆಲ್ ಇದೆ. ಹಿಂದೊಮ್ಮೆ ಒಂದು ಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸಿದಾಗ ಕಬ್ಬಿಣ ಹೆಚ್ಚಿದೆ, ನೈಟ್ರೇಟ್ ಇಲ್ಲ, ಉಳಿದದ್ದು ಮಿತಿಯೊಳಗಿದೆ ಎಂಬ ವರದಿ ಬಂತು. ಅದನ್ನು ತೋರಿಸಿದರೆ ‘ನೀರು ಸರಿಯಾಗಿಯೇ ಇದೆಯಲ್ಲ’ ಎನ್ನುತ್ತಾರೆ. ಕಸದ ನೀರು ಬಾವಿಗಳಿಗೆ ಸೇರುತ್ತಿದೆಯೇ ಇಲ್ಲವೇ ಎಂಬುದನ್ನು ನಂಬುವಂತೆ ತಿಳಿಯಬೇಕಾದರೆ ಎಲ್ಲಿ, ಯಾವಾಗ, ಏನನ್ನು ಅಳೆಯಬೇಕು? ಖರ್ಚನ್ನು ನಾವೇ ಹಂಚಿಕೊಳ್ಳಬೇಕಾಗಿದೆ ಎಂಬುದನ್ನು ಗಮನದಲ್ಲಿಟ್ಟು ತಿಳಿದವರು ಉತ್ತರಿಸಬೇಕೆಂದು ಕೋರುತ್ತೇನೆ.

ಉತ್ತರ: ಜಲಮಾಪನ

ಒಂದು ಬಾವಿಯ ಒಂದು ದಿನದ ವರದಿಯಿಂದ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ, ಏಕೆಂದರೆ ಆ ವರದಿ ನೀರಿನಲ್ಲಿ ಏನಿದೆ ಎಂದು ಹೇಳುತ್ತದೆಯೇ ಹೊರತು ಅದು ಎಲ್ಲಿಂದ ಬಂತು ಎಂದು ಹೇಳುವುದಿಲ್ಲ. ನೀರು ಯಾವ ಕಡೆಯಿಂದ ಯಾವ ಕಡೆಗೆ ಚಲಿಸುತ್ತಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಇದಕ್ಕೆ ರಾಸಾಯನಿಕ ಪರೀಕ್ಷೆ ಬೇಕಾಗಿಲ್ಲ, ಟೇಪು ಸಾಕು. ನಾಲ್ಕೂ ಬಾವಿಗಳ ಕಟ್ಟೆಯ ಮೇಲೆ ಒಂದೊಂದು ಗುರುತು ಮಾಡಿ, ಆ ಗುರುತುಗಳ ಮತ್ತು ತೋಡಿನ ದಡದಲ್ಲಿ ನೆಟ್ಟ ಒಂದು ಕಂಬದ ಎತ್ತರವನ್ನು ಸರ್ವೆಯವರಿಂದ ಒಂದೇ ಆಧಾರಕ್ಕೆ ಅಳೆಸಿಕೊಳ್ಳಿ. ನಂತರ ಹದಿನೈದು ದಿನಕ್ಕೊಮ್ಮೆ, ಎಲ್ಲ ಕಡೆಯೂ ಒಂದೇ ಬೆಳಿಗ್ಗೆ, ಪಂಪು ಹಾಕುವ ಮೊದಲು, ನೀರಿನ ಮಟ್ಟವನ್ನು ಬರೆದಿಡಿ. ಒಂದೇ ಸಾಲಿನಲ್ಲಿಲ್ಲದ ಮೂರು ಬಾವಿಗಳ ಮಟ್ಟ ಗೊತ್ತಿದ್ದರೆ ಅಂತರ್ಜಲ ಇಳಿಯುವ ದಿಕ್ಕನ್ನು ಕಾಗದದ ಮೇಲೆಯೇ ಎಳೆಯಬಹುದು.

ಈ ದಿಕ್ಕು ವರ್ಷವಿಡೀ ಒಂದೇ ಆಗಿರುತ್ತದೆ ಎಂದು ಭಾವಿಸಬೇಡಿ. ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಗುಡ್ಡದ ಜಂಬಿಟ್ಟಿಗೆ ಪದರ ತುಂಬಿದಾಗ ಅಂತರ್ಜಲ ತೋಡಿಗೆ ಇಳಿಯುತ್ತದೆ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂವಿಗಾಗಿ ಸ್ಪ್ರಿಂಕ್ಲರ್ ಓಡಿಸಲು ಸುತ್ತಲೂ ಪಂಪುಗಳು ಎಳೆಯುವಾಗ ತೋಡಿನ ನೀರೇ ಬಾವಿಯ ಕಡೆಗೆ ಸೆಳೆಯಲ್ಪಡಬಹುದು. ಹಾಗಾದಲ್ಲಿ ಮಳೆಗಾಲದಲ್ಲಿ ಶುದ್ಧವಾಗಿ ಕಂಡ ಬಾವಿ ಬೇಸಿಗೆಯಲ್ಲಿ ಕೆಡುತ್ತದೆ, ಮತ್ತು ಮಳೆಗಾಲದ ವರದಿಯೊಂದನ್ನೇ ಹಿಡಿದವರು ಅದನ್ನು ಒಪ್ಪುವುದಿಲ್ಲ.

ಮಾದರಿ ತೆಗೆಯುವ ಜಾಗಗಳಲ್ಲಿ ಎಲ್ಲರೂ ಮರೆಯುವುದು ರಾಶಿಗಿಂತ ಮೇಲಿನ ಜಾಗವನ್ನು. ಕಸ ಮುಟ್ಟದ ಒಂದು ಬಾವಿ ಅಥವಾ ಒರತೆ, ಹಾಗೂ ತೋಡಿನ ಮೇಲ್ಭಾಗದ ಒಂದು ಬಿಂದು ನಿಮ್ಮ ಹೋಲಿಕೆಗೆ ಬೇಕೇ ಬೇಕು. ಆಮೇಲೆ ಕಪ್ಪು ನೀರು ಸೇರುವ ಜಾಗದ ಸ್ವಲ್ಪ ಕೆಳಗೆ, ಜೌಗಿನಿಂದ ತೋಡು ಹೊರಬೀಳುವ ಬಾಯಿಯಲ್ಲಿ, ಮತ್ತು ಹೊಳೆಗೆ ಸೇರುವ ಮೊದಲು ಒಂದೊಂದು ಬಿಂದು ಸಾಕು. ತೋಡಿನಲ್ಲಿ ಕೆಳಗಿನ ಬಿಂದುವಿನಿಂದ ಆರಂಭಿಸಿ ಮೇಲಕ್ಕೆ ನಡೆಯಿರಿ, ಇಲ್ಲವಾದರೆ ನೀವೇ ತುಳಿದು ಎಬ್ಬಿಸಿದ ಕೆಸರು ಮುಂದಿನ ಬಾಟಲಿಗೆ ಬರುತ್ತದೆ.

ಏನನ್ನು ಅಳೆಯಬೇಕು ಎಂಬುದರಲ್ಲಿ ಹಣವನ್ನು ಜಾಣತನದಿಂದ ಖರ್ಚುಮಾಡಿ. ಪಿಎಚ್, ಉಷ್ಣತೆ ಮತ್ತು ವಿದ್ಯುತ್ ವಾಹಕತೆಯನ್ನು ಕೈಯಲ್ಲಿ ಹಿಡಿಯುವ ಮೀಟರಿನಿಂದ ಪ್ರತಿ ಸಲವೂ ನೀವೇ ಅಳೆಯಬಹುದು. ನಮ್ಮ ಜಿಲ್ಲೆಯ ಮಳೆಯುಂಡ ನೆಲದ ಬಾವಿಗಳಲ್ಲಿ ಕರಗಿದ ಲವಣ ಸಾಮಾನ್ಯವಾಗಿ ಬಹಳ ಕಡಿಮೆ, ಆದ್ದರಿಂದ ವಾಹಕತೆ ಮೇಲಿನ ಬಾವಿಗಿಂತ ಹಲವು ಪಟ್ಟು ಏರಿದ್ದರೆ ಅದೇ ಮೊದಲ ಸುಳಿವು. ಪ್ರಯೋಗಾಲಯದಲ್ಲಿ ಕ್ಲೋರೈಡ್, ಅಮೋನಿಯಾ, ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ), ಕ್ಷಾರೀಯತೆ, ಕಬ್ಬಿಣ, ಮ್ಯಾಂಗನೀಸ್ ಮತ್ತು ಬೋರಾನ್ ಮಾಡಿಸಿ. ಕ್ಲೋರೈಡ್ ಮಣ್ಣಿಗೆ ಅಂಟುವುದಿಲ್ಲ, ಸೂಕ್ಷ್ಮಜೀವಿಗಳಿಂದ ಕರಗಿಹೋಗುವುದೂ ಇಲ್ಲ, ನೀರಿನ ಜೊತೆಗೇ ಸಾಗುತ್ತದೆ. ಹಾಗಾಗಿ ಕುಡಿಯುವ ನೀರಿನ ಮಾನದಂಡವಾದ ಐಎಸ್ 10500ರಲ್ಲಿ ಅದಕ್ಕೆ ಲೀಟರಿಗೆ 250 ಮಿ.ಗ್ರಾಂ ಮಿತಿ ಇದ್ದರೂ, ನಿಮಗೆ ಮುಖ್ಯವಾದದ್ದು ಆ ಮಿತಿಯಲ್ಲ, ಮೇಲಿನ ಬಾವಿಗೂ ಕೆಳಗಿನ ಬಾವಿಗೂ ಇರುವ ವ್ಯತ್ಯಾಸ. ಮೇಲೆ 6, ಕೆಳಗೆ 60 ಎಂದು ಬಂದರೆ ಎರಡೂ ‘ಮಿತಿಯೊಳಗೆ’ ಇವೆ, ಆದರೂ ಏನೋ ಸೇರುತ್ತಿದೆ ಎಂಬುದು ಖಚಿತ.

ನಿಮ್ಮ ಹಳೆಯ ವರದಿಯ ‘ನೈಟ್ರೇಟ್ ಇಲ್ಲ’ ಎಂಬ ಸಾಲನ್ನು ನೆಮ್ಮದಿಯ ಸಾಲೆಂದು ಓದಬೇಡಿ. ಆಮ್ಲಜನಕವಿಲ್ಲದ ಜೌಗಿನ ಕೆಸರಿನಲ್ಲಿ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಸಾರಜನಕ ಅನಿಲವಾಗಿ ಬಿಟ್ಟುಬಿಡುತ್ತವೆ, ಬಳಿಕ ಮ್ಯಾಂಗನೀಸ್ ಮತ್ತು ಕಬ್ಬಿಣದ ಆಕ್ಸೈಡುಗಳನ್ನು ಕರಗಿಸುತ್ತವೆ. ಆ ಕರಗಿದ ಕಬ್ಬಿಣ ಗಾಳಿಗೆ ಬಂದಾಗ ನೀವು ಕಂಡ ತುಕ್ಕಿನ ಕೆಸರಾಗುತ್ತದೆ. ಕಸವಿಲ್ಲದ ಜೌಗಿನಲ್ಲಿಯೂ ಇದು ನಡೆಯುವುದರಿಂದ ಕಬ್ಬಿಣವೊಂದರಿಂದಲೇ ಕಸವನ್ನು ದೂರುವಂತಿಲ್ಲ. ಪೊರೆಯ ವಿಷಯಕ್ಕೆ ಸುಲಭ ಪರೀಕ್ಷೆಯಿದೆ: ಕೋಲಿನಿಂದ ಕಲಕಿದಾಗ ಅದು ಗಾಜಿನ ಚೂರುಗಳಂತೆ ಒಡೆದು ಹಾಗೆಯೇ ಉಳಿದರೆ ಕಬ್ಬಿಣದ ಬ್ಯಾಕ್ಟೀರಿಯಾದ ಪೊರೆ, ಮತ್ತೆ ಹರಿದು ಕೂಡಿಕೊಂಡರೆ ಎಣ್ಣೆ.

ಉತ್ತರ: ಚಿಕ್ಕಬಾಣೆ

ಜಲಮಾಪನ ಅವರು ಹೇಳಿದ್ದರಲ್ಲಿ ತಕರಾರಿಲ್ಲ. ಆದರೆ ಕೊಡಗಿನ ತೋಡನ್ನು ಪರೀಕ್ಷಿಸುವಾಗ ಕಸದ ರಾಶಿಯೊಂದನ್ನೇ ಆರೋಪಿಯನ್ನಾಗಿ ನಿಲ್ಲಿಸುವುದು ಸರಿಯಲ್ಲ. ನಾನೂ ಬೆಳೆಗಾರನಾದ್ದರಿಂದ ಇದನ್ನು ಹೇಳಲು ನನಗೆ ಅಧಿಕಾರವಿದೆ ಎಂದುಕೊಳ್ಳುತ್ತೇನೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮೇಲಿನ ತೋಟಗಳಲ್ಲಿ ಯಾರಾದರೂ ಕಾಫಿ ಪಲ್ಪ್ ಮಾಡುತ್ತಿದ್ದರೆ, ಅಂದರೆ ಹಣ್ಣಿನ ಸಿಪ್ಪೆ ಸುಲಿದು ತೊಳೆಯುತ್ತಿದ್ದರೆ, ಆ ನೀರಿನ ಬಿಒಡಿ (ಕೊಳೆಯನ್ನು ಸೂಕ್ಷ್ಮಜೀವಿಗಳು ಕೊಳೆಸಲು ಬಳಸುವ ಆಮ್ಲಜನಕದ ಅಳತೆ) ಲೀಟರಿಗೆ ಸಾವಿರಾರು ಮಿ.ಗ್ರಾಂ ಇರುತ್ತದೆ, ಮತ್ತು ಹುಳಿತ ನಂತರ ಪಿಎಚ್ 4ರ ಆಸುಪಾಸಿಗೆ ಇಳಿಯುತ್ತದೆ. ಅದು ಸ್ವಲ್ಪ ಪ್ರಮಾಣದಲ್ಲಿ ತೋಡಿಗೆ ಬಿದ್ದರೂ ಬೇಸಿಗೆಯ ತೆಳುಹರಿವಿನಲ್ಲಿ ಆಮ್ಲಜನಕ ಮುಗಿದು ಮೀನು, ಏಡಿ ಸಾಯುತ್ತವೆ, ನೀರು ಕಪ್ಪಾಗಿ ನಾರುತ್ತದೆ. ಮೇಲುನೋಟಕ್ಕೆ ಕಸದ ನೀರಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಪಲ್ಪಿಂಗ್ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ಮತ್ತು ಪೊಟ್ಯಾಸಿಯಂ ಹೆಚ್ಚು, ಅಮೋನಿಯಾ ಹೋಲಿಕೆಯಲ್ಲಿ ಕಡಿಮೆ. ಹಳೆಯ ಕಸದ ರಾಶಿಯ ನೀರು ತಟಸ್ಥ ಅಥವಾ ಸ್ವಲ್ಪ ಕ್ಷಾರೀಯವಾಗಿದ್ದು, ಅದರಲ್ಲಿ ಅಮೋನಿಯಾ ಲೀಟರಿಗೆ ನೂರಾರು ಮಿ.ಗ್ರಾಂವರೆಗೂ ಇರಬಹುದು. ಶೌಚದ ಗುಂಡಿಯ ನೀರು ಮೂರನೆಯದು: ಅದು ಬಾವಿಗೆ ಸೇರಿದರೆ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಕಾಣುತ್ತದೆ, ಒಣನೆಲದಲ್ಲಿ ನೈಟ್ರೇಟೂ ಏರುತ್ತದೆ. ಆದ್ದರಿಂದ ಪಟ್ಟಿಗೆ ಪೊಟ್ಯಾಸಿಯಂ ಮತ್ತು ಇ-ಕೋಲಿ ಸೇರಿಸಿ, ನಾಲ್ಕೂ ಮನೆಗಳ ಗುಂಡಿಗಳು ಬಾವಿಯಿಂದ ಎಷ್ಟು ದೂರದಲ್ಲಿವೆ ಎಂಬುದನ್ನು ಸಂಕೋಚವಿಲ್ಲದೆ ನಕ್ಷೆಯಲ್ಲಿ ಗುರುತಿಸಿ. ಕೊನೆಯದಾಗಿ, ಮೆಣಸಿಗೂ ಕಾಫಿಗೂ ನಾವು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತದಿಂದ ಬರುವ ತಾಮ್ರ ನೀರಿನಲ್ಲಿ ಹೆಚ್ಚು ಹೊತ್ತು ಉಳಿಯದೆ ಮಣ್ಣಿನ ಸಾವಯವ ಅಂಶಕ್ಕೆ ಅಂಟುತ್ತದೆ. ಅದನ್ನು ನೋಡಬೇಕಿದ್ದರೆ ವರ್ಷಕ್ಕೊಮ್ಮೆ ತೋಡಿನ ತಳದ ಕೆಸರನ್ನು ಪರೀಕ್ಷಿಸಬೇಕು.

ಪ್ರತಿಕ್ರಿಯೆ: ಗದ್ದೆಕರೆ

ಇಬ್ಬರಿಗೂ ವಂದನೆಗಳು. ಮೇಲೆ ಒಂದು ತೋಟದಲ್ಲಿ ಪಲ್ಪರ್ ಇರುವುದು ನಿಜ, ಅವರ ನೀರಿನ ಗುಂಡಿಯೂ ಇದೆ. ನನಗೆ ಇನ್ನೂ ಎರಡು ವಿಷಯಗಳು ಸ್ಪಷ್ಟವಾಗಿಲ್ಲ. ಬಾವಿಗಳೆಲ್ಲ ಜೌಗಿನ ಅಂಚಿನಲ್ಲಿವೆ, ಜೌಗಿನ ಒಳಗೆ ನೆಲದಡಿ ಏನಾಗುತ್ತಿದೆ ಎಂದು ತಿಳಿಯುವ ದಾರಿಯಿದೆಯೇ? ಮತ್ತು ಮಳೆಗಾಲದಲ್ಲಿ ಕಪ್ಪು ನೀರು ಕಣ್ಣೆದುರೇ ಇಳಿಯುತ್ತಿದ್ದರೂ ವರದಿಯಲ್ಲಿ ಅಂಕಿಗಳು ಬೇಸಿಗೆಗಿಂತ ಕಡಿಮೆ ಬಂದರೆ ಅದನ್ನು ಹೇಗೆ ವಿವರಿಸುವುದು?

ಉತ್ತರ: ಜಲಮಾಪನ

ಎರಡನೆಯದು ಸುಲಭ. ಅಂಕಿ ಕಡಿಮೆಯಾಗುವುದು ನೀರು ಹೆಚ್ಚಿರುವುದರಿಂದ, ಆದ್ದರಿಂದ ಸಾಂದ್ರತೆಯ ಜೊತೆಗೆ ಹರಿವನ್ನೂ ಅಳೆದು ಎರಡನ್ನೂ ಗುಣಿಸಬೇಕು. ತೋಡಿನ ಇಕ್ಕಟ್ಟಾದ ಜಾಗದಲ್ಲಿ 90 ಡಿಗ್ರಿ ವಿ-ಆಕಾರದ ಕಚ್ಚು ಕೊರೆದ ಹಲಗೆಯನ್ನು ಅಡ್ಡ ಕೂರಿಸಿದರೆ, ಹಲಗೆಯಿಂದ ಸ್ವಲ್ಪ ಹಿಂದೆ ನಿಂತ ನೀರು ಕಚ್ಚಿನ ತಳಕ್ಕಿಂತ 10 ಸೆಂ.ಮೀ. ಎತ್ತರದಲ್ಲಿದ್ದಾಗ ಸೆಕೆಂಡಿಗೆ ಸುಮಾರು 4.4 ಲೀಟರ್ ಹರಿಯುತ್ತದೆ. ಆ ಹರಿವಿನಲ್ಲಿ ಅಮೋನಿಯಾ ಲೀಟರಿಗೆ 20 ಮಿ.ಗ್ರಾಂ ಇದ್ದರೆ ದಿನಕ್ಕೆ ಏಳೂವರೆ ಕಿಲೋ ಆಯಿತು. ಮಳೆಗಾಲದಲ್ಲಿ ಸಾಂದ್ರತೆ 4ಕ್ಕೆ ಇಳಿದು ಹರಿವು ಹತ್ತು ಪಟ್ಟಾದರೆ ಹೊಳೆಗೆ ಹೋಗುವ ಒಟ್ಟು ಅಮೋನಿಯಾ ಎರಡು ಪಟ್ಟಾಗುತ್ತದೆ. ಆದರೆ ಕಕ್ಕಡದ ನೆರೆಯಲ್ಲಿ ಹಲಗೆ ನಿಲ್ಲುವುದಿಲ್ಲ. ಆಗ ತೋಡಿನ ಅಡ್ಡಕೊಯ್ತದ ವಿಸ್ತೀರ್ಣ ಅಳೆದು, ಅದನ್ನು ತೇಲಿಬಿಟ್ಟ ಕಿತ್ತಳೆ ಹಣ್ಣಿನ ವೇಗದಿಂದಲೂ 0.85ರಿಂದಲೂ ಗುಣಿಸಿದರೆ ಸಾಕಷ್ಟು ಒಳ್ಳೆಯ ಅಂದಾಜು ಸಿಗುತ್ತದೆ.

ಜೌಗಿನ ಒಳಗಿನ ವಿಷಯ ಹೆಚ್ಚು ಸ್ವಾರಸ್ಯದ್ದು. ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಅಬರ್ಡೀನ್ ಪ್ರೂವಿಂಗ್ ಗ್ರೌಂಡ್ ಎಂಬ ಸೇನಾ ನೆಲೆಯ ಕೆನಾಲ್ ಕ್ರೀಕ್ ಎಂಬ ತೋಡಿನ ಜೌಗಿನಲ್ಲಿ, ಕ್ಲೋರಿನ್‌ಯುಕ್ತ ದ್ರಾವಕಗಳು ಬೆರೆತ ಅಂತರ್ಜಲ ಕೆಳಗಿನಿಂದ ಮೇಲಕ್ಕೆ ಒಸರುವುದನ್ನು ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣೆಯವರು 1990ರ ದಶಕದಲ್ಲಿ ಅಧ್ಯಯನ ಮಾಡಿದರು. ದ್ರಾವಕಗಳು ತೆಳುವಾದ ಜೌಗು ಕೆಸರಿನ ಪದರವನ್ನು ದಾಟುವಾಗಲೇ ಬಹುಪಾಲು ವಿಭಜನೆಯಾಗುತ್ತಿದ್ದವು. ಬಾವಿಯನ್ನೂ ತೋಡನ್ನೂ ಮಾತ್ರ ಪರೀಕ್ಷಿಸಿದ್ದರೆ ನಡುವೆ ನಡೆಯುತ್ತಿದ್ದ ಈ ಬದಲಾವಣೆ ಕಾಣುತ್ತಿರಲಿಲ್ಲ. ಕಸದ ಅಮೋನಿಯಾ, ಕಬ್ಬಿಣಗಳ ಕಥೆ ಬೇರೆಯಾದರೂ, ಕೆಸರಿನೊಳಗಿನ ನೀರನ್ನು ಪ್ರತ್ಯೇಕವಾಗಿ ನೋಡಬೇಕೆಂಬ ಮಾತು ನಿಮಗೂ ಅನ್ವಯಿಸುತ್ತದೆ.

ನಿಮ್ಮ ಮಟ್ಟಿಗೆ ಇದನ್ನು ಪಿವಿಸಿ ಪೈಪಿನಿಂದ ಮಾಡಬಹುದು. ಕೈ ಆಗರಿನಿಂದ (ಕೈಯಲ್ಲಿ ತಿರುಗಿಸಿ ನೆಲ ಕೊರೆಯುವ ಸಾಧನ) ಎರಡು ಮೀಟರ್ ಆಳಕ್ಕೆ ಕೊರೆದು, ಕೆಳಗಿನ ಒಂದು ಅಡಿಯಲ್ಲಿ ಮಾತ್ರ ಸೀಳು ಮಾಡಿದ ಪೈಪನ್ನು ಇಳಿಸಿ, ಸೀಳಿನ ಸುತ್ತ ತೊಳೆದ ಮರಳು, ಅದರ ಮೇಲೆ ಬೆಂಟೊನೈಟ್ (ನೀರಿನಲ್ಲಿ ಉಬ್ಬುವ ಜೇಡಿ) ಅಥವಾ ಜಿಗುಟು ಜೇಡಿ ತುಂಬಿ ಗಟ್ಟಿಮಾಡಿ. ಈ ಜೇಡಿ ಬಿರುಕಿಲ್ಲದೆ ಕೂರದಿದ್ದರೆ ಮೇಲಿನ ನೀರು ಪೈಪಿನ ಪಕ್ಕದಿಂದ ಇಳಿದು ಎಲ್ಲ ಅಳತೆಯೂ ವ್ಯರ್ಥ. ಪೈಪಿನೊಳಗಿನ ನೀರು ಪಕ್ಕದ ತೋಡಿನ ನೀರಿಗಿಂತ ಎತ್ತರದಲ್ಲಿ ನಿಂತರೆ ಅಂತರ್ಜಲ ಮೇಲಕ್ಕೆ ಬರುತ್ತಿದೆ, ತಗ್ಗಿನಲ್ಲಿ ನಿಂತರೆ ತೋಡು ನೆಲಕ್ಕೆ ಇಂಗುತ್ತಿದೆ. ರಾಶಿಯ ಕೆಳಗೆ ಒಂದು, ಜೌಗಿನ ನಡುವೆ ಒಂದು, ನಿಮ್ಮ ಬಾವಿಗೂ ತೋಡಿಗೂ ನಡುವೆ ಒಂದು ಪೈಪು ಹಾಕಿ. ಮಾದರಿ ತೆಗೆಯುವ ಮೊದಲು ಪೈಪಿನಲ್ಲಿರುವ ನೀರಿನ ಮೂರು ಪಟ್ಟನ್ನು ಹೊರಹಾಕಿ ವಾಹಕತೆ ಸ್ಥಿರವಾಗುವವರೆಗೆ ಕಾಯಿರಿ. ದಿನವೂ ಸೇದುವ ತೆರೆದ ಬಾವಿಗೆ ಇದರ ಅಗತ್ಯವಿಲ್ಲ.

ಬಾಟಲಿಗಳ ವಿಷಯದಲ್ಲಿ ಶಿಸ್ತು ತಪ್ಪಬಾರದು. ಲೋಹಗಳ ಮಾದರಿಯನ್ನು 0.45 ಮೈಕ್ರಾನ್ ಸೋಸುಕದಲ್ಲಿ ಸೋಸಿ ನೈಟ್ರಿಕ್ ಆಮ್ಲ ಹಾಕಬೇಕು, ಅಮೋನಿಯಾ ಮತ್ತು ಸಿಒಡಿಗೆ ಗಂಧಕಾಮ್ಲ. ಇವುಗಳನ್ನು ಪ್ರಯೋಗಾಲಯದವರೇ ಬಾಟಲಿಗೆ ಹಾಕಿಕೊಡುತ್ತಾರೆ. ಬಿಒಡಿ ಮತ್ತು ಇ-ಕೋಲಿಯನ್ನು ಮಂಜುಗಡ್ಡೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಘಟ್ಟ ಇಳಿದು ಮೈಸೂರಿನವರೆಗೆ ಒಯ್ಯಬೇಕಾದರೆ ಬೆಳಿಗ್ಗೆಯೇ ತೆಗೆದು ಹೊರಡಿ. ಪ್ರತಿ ಸುತ್ತಿನಲ್ಲೂ ಒಂದು ಬಿಂದುವಿನ ಮಾದರಿಯನ್ನು ಬೇರೆ ಹೆಸರಿನಲ್ಲಿ ಎರಡು ಬಾರಿ ಕಳುಹಿಸಿ, ಪ್ರಯೋಗಾಲಯದ ಅಂಕಿಗಳನ್ನು ಎಷ್ಟು ನಂಬಬಹುದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಪೂರ್ಣ ಪರೀಕ್ಷೆಗೆ ನಾಲ್ಕು ಸಮಯಗಳು ಸಾಕು: ಮೇ ಕೊನೆ, ಜೂನಿನ ಮೊದಲ ದೊಡ್ಡ ಮಳೆ ರಾಶಿಯನ್ನು ತೊಳೆಯುವಾಗ, ಅಕ್ಟೋಬರ್ ನಡುವಿನ ಕಾವೇರಿ ಸಂಕ್ರಮಣದ ನಂತರ ನೆಲ ತುಂಬಿರುವಾಗ, ಮತ್ತು ಪಲ್ಪಿಂಗ್ ಹಾಗೂ ಸ್ಪ್ರಿಂಕ್ಲರ್ ಎರಡೂ ನಡೆಯುವ ಫೆಬ್ರವರಿಯಲ್ಲಿ.

ಉತ್ತರ: ಮೂರ್ನಾಡು ರಸ್ತೆ

ತಾಂತ್ರಿಕ ವಿಷಯ ಮುಗಿದಿರುವುದರಿಂದ ಕಾನೂನಿನ ಒಂದು ಅಂಶ. 1974ರ ಜಲ ಕಾಯ್ದೆಯ 24ನೇ ಕಲಂ ಮಲಿನಕಾರಿ ವಸ್ತುವನ್ನು ತಿಳಿದೂ ತೋಡಿಗಾಗಲಿ ಬಾವಿಗಾಗಲಿ ಸೇರಲು ಬಿಡುವುದನ್ನು ನಿಷೇಧಿಸುತ್ತದೆ. ಆದರೆ ಹೊರಬಿಡುವ ತ್ಯಾಜ್ಯನೀರಿನ ಮಾದರಿಯನ್ನು ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿಸಲು, 21ನೇ ಕಲಮಿನಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕೃತ ವ್ಯಕ್ತಿಯೇ ನೋಟಿಸು ಕೊಟ್ಟು ಮಾದರಿ ತೆಗೆದು ಮೊಹರು ಮಾಡಬೇಕು. ಆದ್ದರಿಂದ ನಿಮ್ಮ ವರ್ಷದ ದಾಖಲೆಯನ್ನು ಅಂತಿಮ ಸಾಕ್ಷ್ಯವೆಂದು ನೋಡದೆ, ಮಂಡಳಿಯವರು ಎಲ್ಲಿ ಮತ್ತು ಯಾವ ತಿಂಗಳಿನಲ್ಲಿ ಮಾದರಿ ತೆಗೆಯಬೇಕು ಎಂದು ಬೆರಳು ತೋರಿಸುವ ದಾಖಲೆಯೆಂದು ಸಿದ್ಧಪಡಿಸಿ. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಭೂಭರ್ತಿ (ಕಸ ಹೂಳುವ) ಜಾಗ ನದಿಯಿಂದ 100 ಮೀಟರ್, ಕೆರೆ, ವಸತಿ ಮತ್ತು ಕುಡಿಯುವ ನೀರಿನ ಬಾವಿಗಳಿಂದ 200 ಮೀಟರ್ ದೂರವಿರಬೇಕೆಂದು ಹೇಳಿದ್ದವು. ಸರ್ವೆಯವರು ಬಂದಾಗ ರಾಶಿಯ ಅಂಚಿನಿಂದ ನಾಲ್ಕೂ ಬಾವಿಗಳ ದೂರವನ್ನು ಅಳೆಸಿ ಸಹಿ ಹಾಕಿಸಿಕೊಳ್ಳಿ.

ಗ್ರಾಮ ಪಂಚಾಯಿತಿಗೆ ಜಲ ಜೀವನ್ ಮಿಷನ್‌ನಡಿ ಕೊಟ್ಟಿರುವ ಪರೀಕ್ಷಾ ಕಿಟ್ ಇದ್ದರೆ ಅದನ್ನೂ ಕೇಳಿ ಬಳಸಿ. ನಿಖರತೆ ಕಡಿಮೆ, ಆದರೂ ಎರಡು ಪೂರ್ಣ ಪರೀಕ್ಷೆಗಳ ನಡುವಿನ ತಿಂಗಳುಗಳಲ್ಲಿ ಏರಿಳಿತ ಗಮನಿಸಲು ಉಪಯುಕ್ತ.

ಪ್ರತಿಕ್ರಿಯೆ: ಜಲಮಾಪನ

ಒಂದು ಮಾತು ಸೇರಿಸಬೇಕು. ಫಲಿತಾಂಶ ಬರುವವರೆಗೆ ರಾಶಿಗೆ ಅತಿ ಹತ್ತಿರದ ಬಾವಿಯ ನೀರನ್ನು ಕುಡಿಯಲು ಮತ್ತು ಅಡುಗೆಗೆ ಬಳಸಬೇಡಿ. ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಆದರೆ ಕರಗಿದ ಲೋಹ ಮತ್ತು ಲವಣಗಳು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಮೊದಲ ಸುತ್ತಿನಲ್ಲಿ ಮಾತ್ರ ಸೀಸ, ಕ್ಯಾಡ್ಮಿಯಂ ಮತ್ತು ಆರ್ಸೆನಿಕ್ ಕೂಡ ಮಾಡಿಸಿ. ಮೂರೂ ಮಿತಿಗಿಂತ ಬಹಳ ಕೆಳಗಿದ್ದರೆ ಮುಂದಿನ ಸುತ್ತುಗಳಲ್ಲಿ ಆ ಹಣವನ್ನು ಉಳಿಸಿ ಪೈಪುಗಳ ಮಾದರಿಗೆ ಬಳಸಬಹುದು.