‘ಕರೆಂಟ್ ಬರವಲ್ದು’ ಎಂದು ಬರೆಯಬಹುದೇ? ಬೋಟಿನ ಇಂಜಿನ್ ರಿಪೇರಿ ಮಾತುಗಳು

ನಮಸ್ಕಾರ. ಬಾಗಲಕೋಟೆ ಸುತ್ತ ಆಲಮಟ್ಟಿ ಹಿನ್ನೀರಿನಲ್ಲಿ ಬೋಟು ಇಳಿಸುವ ಕೆಲವರ ಹತ್ತಿರ ಹಳೆಯ ಔಟ್‌ಬೋರ್ಡ್ ಇಂಜಿನ್‌ಗಳಿವೆ, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವಂಥವು. ಹಗ್ಗ ಎಳೆದು ಚಾಲೂ ಮಾಡುವಂಥವು. ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಬೇಕು. ಅವರಿಗಾಗಿ ಒಂದು ರಿಪೇರಿ ಹಾಳೆ ಬರೆಯುತ್ತಿದ್ದೇನೆ. ಎಷ್ಟು ಎಳೆದರೂ ಇಂಜಿನ್ ಹೊತ್ತಿಕೊಳ್ಳದಿದ್ದರೆ ಏನೇನು ನೋಡಬೇಕು, ಅಷ್ಟೇ ವಿಷಯ. ಮಾತುಗಳ ಆಯ್ಕೆಯಲ್ಲಿ ನಿಮ್ಮ ನೆರವು ಬೇಕು.

ತಲೆಬರಹಕ್ಕೆ ‘ದಹನ ವ್ಯವಸ್ಥೆಯ ದೋಷಗಳು’ ಎಂದು ಸ್ನೇಹಿತರೊಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ದಹನ ಎಂದರೆ ಉರಿಯುವುದು. ಇಲ್ಲಿ ಬೇಕಾಗಿರುವುದು ಹೊತ್ತಿಸುವುದು. ಅದೂ ಅಲ್ಲದೆ, ಹೋಳಿ ಹಬ್ಬಕ್ಕೆ ಊರಿಗೆ ಊರೇ ಕಾಮದಹನಕ್ಕೆ ನಿಲ್ಲುವ ಬಾಗಲಕೋಟೆಯಲ್ಲಿ ಈ ತಲೆಬರಹ ಓದಿದವರು ಇಂಜಿನ್ನೇ ಸುಟ್ಟುಹೋಗಿದೆ ಅಂದುಕೊಂಡಾರು!

ಇನ್ನು ‘ಕರೆಂಟ್’. ಪೆಟ್ರೋಲ್ ಹೊತ್ತಿಸುವ ಸ್ಪಾರ್ಕ್ ಪ್ಲಗ್‌ನಲ್ಲಿ ಕಿಡಿ ಕಾಣದಿದ್ದರೆ ನಮ್ಮ ಕಡೆ ಮಿಸ್ತ್ರಿಗಳು ‘ಪ್ಲಗ್ಗಿಗೆ ಕರೆಂಟ್ ಬರವಲ್ದು’ ಎನ್ನುತ್ತಾರೆ. ಮಾತಿಗೆ ಚೆನ್ನಾಗಿದೆ. ಆದರೆ ಹಾಳೆಯಲ್ಲಿ ಓದಿದವರು ಮೊದಲು ಬ್ಯಾಟರಿ ಹುಡುಕುತ್ತಾರೆ. ಹಗ್ಗದ ಇಂಜಿನ್ನಿಗೆ ಬ್ಯಾಟರಿಯೇ ಬೇಕಿಲ್ಲ. ಇಂಜಿನ್ನಿನ ಮೇಲಿನ ಗಾಲಿಯೊಳಗೆ (ಫ್ಲೈವೀಲ್) ಆಯಸ್ಕಾಂತ ಇರುತ್ತದೆ. ಗಾಲಿ ತಿರುಗಿದಾಗ ಕಾಯಿಲ್‌ನಲ್ಲಿ ಅಲ್ಲೇ ಕರೆಂಟ್ ಹುಟ್ಟುತ್ತದೆ. ಲೂನಾ ಮೊಪೆಡ್ ಬಿಚ್ಚಿದವರಿಗೆ ‘ಮ್ಯಾಗ್ನೆಟ್’ ಅಂದರೆ ಸಾಕು. ಬ್ಯಾಟರಿ ನಂಬಿದ್ದ ಹಳೆ ಜಾವಾ ಬೈಕಿನಲ್ಲಿ ಕೈ ಪಳಗಿದವರಿಗೆ ಮಾತ್ರ ಬಿಡಿಸಿ ಹೇಳಬೇಕು.

ಹಾಗಾಗಿ ‘ಕಿಡಿ’ ಎಂದೇ ಬರೆಯುವ ಮನಸ್ಸಿದೆ. ಆದರೆ ಕಿಡಿ ಹಾರುತ್ತದೋ, ಬೀಳುತ್ತದೋ, ಹೊಡೆಯುತ್ತದೋ? ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಇಂಜಿನ್ನಿಗೆ ತಾಗಿಸಿ, ನೆರಳಿನಲ್ಲಿ ಹಗ್ಗ ಎಳೆದು ನೋಡಿ. ಚೆಲ್ಲಿದ ಪೆಟ್ರೋಲ್ ಮೊದಲೇ ಒರೆಸಿರಬೇಕು, ಪ್ಲಗ್ಗಿನ ತೂತಿನಿಂದ ದೂರ ಹಿಡಿಯಬೇಕು. ಚಟ್ ಅಂತ ನೀಲಿಯಾಗಿ ಜಿಗಿದರೆ ಕಿಡಿ ಗಟ್ಟಿ ಇದೆ. ಕೆಂಪಗೆ, ಎಳೆಯಾಗಿ ಕಂಡರೆ ಗ್ಯಾರೇಜಿನಲ್ಲಿ ‘ಡಿಮ್ ಐತಿ’ ಎನ್ನುತ್ತಾರೆ. ‘ದುರ್ಬಲ ಕಿಡಿ’ಗಿಂತ ನನಗೆ ಅದೇ ಹಿತ.

‘ಕಿಡಿ ಹಾರವಲ್ದು’ ಎಂಬ ನಮ್ಮ ಕಡೆಯ ಮಾತನ್ನು ಹಾಳೆಯಲ್ಲಿ ಉಳಿಸಿಕೊಳ್ಳಲೇ ಎಂಬುದು ನನ್ನ ಮುಖ್ಯ ಪ್ರಶ್ನೆ. ‘ಹಾರಲು ಒಲ್ಲದು’ ಎಂಬುದೇ ಸವೆದು ಹೀಗಾಗಿದೆ, ಅಲ್ವಾ? ‘ಹಾರುತ್ತಿಲ್ಲ’ ಎಂದರೆ ಬರೀ ಸುದ್ದಿ. ‘ಹಾರವಲ್ದು’ ಎಂದರೆ ನಾವು ಎಳೆಯುತ್ತಲೇ ಇದ್ದೇವೆ, ಅದು ಹಟ ಹಿಡಿದಿದೆ. ದಂಡೆಯಲ್ಲಿ ಬೆವರು ಸುರಿಸಿ ಹಗ್ಗ ಎಳೆದವರ ಅನುಭವಕ್ಕೆ ಇದೇ ಹತ್ತಿರ.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಗ್ಯಾಪ್’. ಪ್ಲಗ್ಗಿನ ತುದಿಯಲ್ಲೊಂದು ಗ್ಯಾಪ್, ಗಾಲಿಯ ಕೆಳಗೆ ಕೂಡಿ ಬಿಡುತ್ತಾ ಕರೆಂಟ್ ಕಡಿಯುವ ಪಾಯಿಂಟಿನಲ್ಲೊಂದು ಗ್ಯಾಪ್. ‘ಗ್ಯಾಪ್ ಹೊಂದಿಸಿ’ ಎಂದು ಸುಮ್ನೆ ಬರೆದುಬಿಟ್ಟರೆ ಯಾವುದು ಅಂತ ತಿಳಿಯಬೇಕು? ಎರಡರ ಕೆಲಸವೂ ಬೇರೆ. ಪಾಯಿಂಟ್ ಕೂಡಿದಾಗ ಕಿಡಿ ಬರುವುದಿಲ್ಲ. ಅದು ಬಿಡುವ ಗಳಿಗೆಯಲ್ಲಿ ಬರುತ್ತದೆ. ಆದ್ದರಿಂದ ಅಲ್ಲಿನ ಗ್ಯಾಪ್ ತಪ್ಪಿದರೆ ಕಿಡಿಯ ಹೊತ್ತೇ ತಪ್ಪುತ್ತದೆ. ಹಲವು ಹಳೆ ಮಾಡೆಲ್‌ಗಳಲ್ಲಿ ಇದು ಸುಮಾರು 0.5 ಮಿ.ಮೀ. ಮಾತ್ರ, ಕಣ್ಣಳತೆಗೆ ಸಿಗುವಂಥದ್ದಲ್ಲ. ಪ್ಲಗ್ಗಿಗೆ ‘ಸಂದು’, ಪಾಯಿಂಟಿಗೆ ‘ಬಾಯಿ’ ಎಂದು ಬೇರೆ ಮಾಡಿದರೆ ಹೇಗೆ? ‘ಪಾಯಿಂಟ್ ಬಾಯಿ ಬಿಟ್ಟಾಗ ಕಿಡಿ ಹಾರುತ್ತದೆ’ ಎಂದರೆ ಓದುವವರಿಗೆ ಕಣ್ಣಿಗೆ ಕಟ್ಟಿದಂತಾಗುತ್ತದೆ.

ಬಂದ್ ಮಾಡುವ ಸ್ವಿಚ್ಚಿನದು ಸಣ್ಣ ತಕರಾರು. ಅದರ ವೈರಿನ ಸಿಪ್ಪೆ ಸವೆದು ಇಂಜಿನ್ನಿಗೆ ತಾಗಿದರೆ, ಸ್ವಿಚ್ ಒತ್ತಿ ಹಿಡಿದಂತೆಯೇ ಕಿಡಿ ಸತ್ತುಹೋಗುತ್ತದೆ. ‘ವೈರ್ ಅರ್ಥ್ ಆಗಿದೆ’ ಎಂದು ಬರೆದರೆ ಏನು ಅರ್ಥ ಆಯಿತೋ ಎಂದು ನಗುತ್ತಾರೆ. ‘ಬಾಡಿಗೆ ತಾಗಿದೆ’ ಎಂದರೆ ಯಾರ ಮನೆ ಬಾಡಿಗೆ ಎಂದು ಕೇಳುತ್ತಾರೆ. ‘ಇಂಜಿನ್ನಿನ ಮೈಗೆ ತಾಗಿದೆ’ ಎಂದು ಬರೆದು ಮುಂದೆ ಹೋಗಿದ್ದೇನೆ.

ಕೊನೆಯದಕ್ಕೆ ಮಾತ್ರ ನನ್ನಲ್ಲಿ ಪದವೇ ಇಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಇಂಜಿನ್ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ. ಮತ್ತೆ ತೆಗೆದಾಗ ಪಾಯಿಂಟಿನ ಎರಡೂ ತುದಿಗಳ ಮೇಲೆ ಬೂದು ಬಣ್ಣದ ತೆಳ್ಳನೆ ಪದರು ಕಟ್ಟಿರುತ್ತದೆ. ಕಿಡಿ ಸಾಯಲು ಅಷ್ಟು ಸಾಕು. ನಯವಾದ ಪಾಲಿಶ್ ಪೇಪರಿನಲ್ಲಿ ಉಜ್ಜಿ, ಆಮೇಲೆ ಹಳೆ ಲಗ್ನಪತ್ರಿಕೆಯ ದಪ್ಪ ಕಾಗದವನ್ನು ನಡುವೆ ಎಳೆದರೆ ಅದರ ಮೇಲೆ ಕಪ್ಪು ಗೆರೆ ಮೂಡುತ್ತದೆ. ಗೆರೆ ಬರುವುದು ನಿಲ್ಲುವ ತನಕ ಎಳೆಯಬೇಕು. ಈ ಪದರನ್ನು ಏನೆನ್ನುತ್ತೀರಿ? ‘ಜಂಗು’ ಕಬ್ಬಿಣದ್ದು, ‘ಕಿಲುಬು’ ತಾಮ್ರ ಹಿತ್ತಾಳೆಯದು, ‘ಮಸಿ’ ಎಂದರೆ ಪ್ಲಗ್ಗಿನ ಕಡೆ ಹೋಗಿಬಿಡುತ್ತಾರೆ. ನಿಮ್ಮೂರ ಗ್ಯಾರೇಜಿನಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ತಿಳಿಸಿ.