ಬ್ಲ್ಯಾಂಕ್ ಸರಿ ಇದೆ, ಅಯೊಡಿನ್ ವ್ಯಾಲ್ಯೂ ಮಾತ್ರ ಕಡಿಮೆ: ವಿಜ್ಸ್ ದ್ರಾವಣ ಕೆಟ್ಟಿದೆಯಾ?

ಪ್ರಶ್ನೆ: ಎಣ್ಣೆ ಮಿಲ್ ಲ್ಯಾಬ್‌ಗೆ ಸೇರಿ ಮೂರು ತಿಂಗಳಾಯ್ತು. ಕಡಲೆಕಾಯಿ ಎಣ್ಣೆಗೆ ಅಯೊಡಿನ್ ವ್ಯಾಲ್ಯೂ (100 ಗ್ರಾಂ ಎಣ್ಣೆ ಎಷ್ಟು ಗ್ರಾಂ ಅಯೊಡಿನ್ ಹೀರುತ್ತೆ ಅನ್ನೋ ಅಳತೆ) 85ರಿಂದ 99ರೊಳಗೆ ಬರಬೇಕು, ನನಗೆ 80ರ ಆಸುಪಾಸಲ್ಲೇ ನಿಲ್ತಿದೆ. ಎಣ್ಣೆ 0.25 ಗ್ರಾಂ, ವಿಜ್ಸ್ 25 ಮಿ.ಲೀ., ಕತ್ತಲಲ್ಲಿ ಅರ್ಧ ಗಂಟೆ. ಉಳಿದ ಅಯೊಡಿನ್ ಅಳೆಯೋಕೆ 0.1 ನಾರ್ಮಲ್ ಥಯೋಸಲ್ಫೇಟ್ (ಥಯೋ) ಬ್ಲ್ಯಾಂಕ್‌ಗೆ, ಅಂದ್ರೆ ಎಣ್ಣೆ ಹಾಕದೆ ಮಾಡಿದ್ದಕ್ಕೆ, 49.8, ಸ್ಯಾಂಪಲ್‌ಗೆ 34.0 ಮಿ.ಲೀ. ಕಲಬೆರಕೆ ಅಂತ ರಿಪೋರ್ಟ್ ಬರೆದುಬಿಡಲಾ ಸರ್?

ಉತ್ತರ: ಬೇಡಮ್ಮ, ತಡೀರಿ. ಆ ಒಂದು ಮಾತಿಗೆ ಯಾರದೋ ಲೋಡ್ ವಾಪಸ್ ಹೋಗುತ್ತೆ. ನಿಮ್ಮ ಲೆಕ್ಕ ಸರಿಯಿದೆ: ಸೂತ್ರದ ಸ್ಥಿರಾಂಕ 12.69, ಎರಡು ಥಯೋ ಅಳತೆಗಳ ವ್ಯತ್ಯಾಸ 15.8; 12.69 × 15.8 × 0.1 ÷ 0.25, ಅಂದ್ರೆ 80.2. ಫ್ಲಾಸ್ಕ್ ಪೂರ್ತಿ ಒಣಗಿತ್ತಾ?

ವಿಜ್ಸ್‌ನಲ್ಲಿರೋದು ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಅಯೊಡಿನ್ ಮೊನೊಕ್ಲೋರೈಡ್. ನೀರು ತಾಗಿದರೆ ಅದರ ಐದು ಅಣು ಒಡೆದು ಒಂದು ಅಯೊಡಿಕ್ ಆಮ್ಲ, ಎರಡು ಅಯೊಡಿನ್, ಐದು ಹೈಡ್ರೋಕ್ಲೋರಿಕ್ ಆಮ್ಲ ಆಗುತ್ತೆ. ಥಯೋ ಬಿಡೋ ಮೊದಲು ಪೊಟ್ಯಾಸಿಯಂ ಅಯೊಡೈಡ್ ಹಾಕಿದಾಗ ಅಯೊಡಿಕ್ ಆಮ್ಲವೂ ಅಯೊಡಿನ್ ಬಿಡುತ್ತೆ. ಹಾಗಾಗಿ ಐದು ಅಣುವಿಗೆ ಮೊದಲು 10 ಥಯೋ ಖರ್ಚಾಗ್ತಿದ್ದರೆ, ಒಡೆದ ಮೇಲೂ ಅಯೊಡಿಕ್ ಆಮ್ಲಕ್ಕೆ ಆರು, ಅಯೊಡಿನ್‌ಗೆ ನಾಲ್ಕು, ಅದೇ 10. ಬ್ಲ್ಯಾಂಕ್ ಕದಲೋದೇ ಇಲ್ಲ. ಆದರೆ ಎಣ್ಣೆಯ ದ್ವಿಬಂಧಕ್ಕೆ ಬೇಗ ಸೇರಿಕೊಳ್ಳೋದು ಮೊನೊಕ್ಲೋರೈಡ್. ಬರೀ ಅಯೊಡಿನ್ ಅಷ್ಟು ಸುಲಭಕ್ಕೆ ಸೇರಲ್ಲ, ಅದು ಉಳಿದುಕೊಂಡು ಥಯೋ ಹೆಚ್ಚು ಹಿಡಿಯುತ್ತೆ, ವ್ಯಾಲ್ಯೂ ಕಡಿಮೆ ಬರುತ್ತೆ.

ಪ್ರಶ್ನೆ: ತೊಳೆದು ಬೋರಲು ಹಾಕಿಟ್ಟಿದ್ದೆ ಸರ್, ತಳದಲ್ಲಿ ಹನಿ ಇದ್ದವು. ಇನ್ನೊಂದು ವಿಷಯ, ವಿಜ್ಸ್ ಬಾಟಲಿಗೆ ರಬ್ಬರ್ ಬಿರಡೆ ಹಾಕಿದ್ದಾರೆ. ಅದರ ಅಡಿ ಕಂದು ಬಣ್ಣಕ್ಕೆ ತಿರುಗಿ ಅಂಟಂಟಾಗಿದೆ.

ಉತ್ತರ: ಆ ಬಿರಡೆ ಇವತ್ತೇ ಎಸೀರಿ. ಈ ವಸ್ತು ರಬ್ಬರನ್ನೂ ಕಾರ್ಕನ್ನೂ ತಿನ್ನುತ್ತೆ. ಕಂದು ಬಾಟಲಿ, ಗಾಜಿನ ಬಿರಡೆಯೇ ಬೇಕು. ಆ ಬಾಟಲಿಯಲ್ಲಿ ಉಳಿದಿದ್ದನ್ನು ನಂಬಬೇಡಿ, ಹೊಸದು ತೆಗೀರಿ. ಬಾಯಲ್ಲಿ ಪಿಪೆಟ್ ಎಳೆಯೋ ಹಳೇ ರೂಢಿ ನಿಮ್ಮಲ್ಲಿದ್ದರೆ ದಯವಿಟ್ಟು ಬಿಡಿ, ಪಿಪೆಟ್ ಬಲ್ಬ್ ಬಳಸಿ. ವಿಜ್ಸ್ ಹೊಗೆ ಕಣ್ಣು, ಗಂಟಲು ಎರಡನ್ನೂ ಸುಡುತ್ತೆ, ಫ್ಯೂಮ್ ಹುಡ್‌ನೊಳಗೇ ಸುರೀರಿ. ಗ್ಲೌಸ್ ಮೇಲೆ ಕಂದು ಕಲೆ ಕಂಡ ತಕ್ಷಣ ಬದಲಾಯಿಸಿ. ಚರ್ಮಕ್ಕೆ ಬಿದ್ದರೆ ನಲ್ಲಿ ಕೆಳಗೆ 15 ನಿಮಿಷ ಹಿಡೀರಿ, ಆಮೇಲೆ ಡಾಕ್ಟರ ಹತ್ರ ಹೋಗಿ. ಮೇಜಿನ ಮೇಲೆ ಹನಿ ಚೆಲ್ಲಿದರೆ ಬಣ್ಣ ಹೋಗೋವರೆಗೂ ಥಯೋ ದ್ರಾವಣ ಹಾಕಿ ಒರೆಸಿ.

ಪ್ರಶ್ನೆ: ಫ್ಲಾಸ್ಕ್‌ಗಳನ್ನ ಓವನ್‌ನಲ್ಲಿ 105 ಡಿಗ್ರಿಗೆ ಒಣಗಿಸಿ, ಪೂರ್ತಿ ತಣಿಸಿ, ಹೊಸ ಬಾಟಲಿಯಿಂದ ಮಾಡಿದೆ. ಅದೇ ಎಣ್ಣೆ, ಅದೇ ತೂಕ. ಬ್ಲ್ಯಾಂಕ್ 49.8, ಸ್ಯಾಂಪಲ್ 31.8. ವ್ಯಾಲ್ಯೂ 91.4 ಬಂತು ಸರ್. ಹಿಂದಿನ ವಾರದ ನಾಲ್ಕು ಸ್ಯಾಂಪಲ್ ಇನ್ನೂ ಇಟ್ಟಿದ್ದೀನಿ, ನಾಳೆ ಅವನ್ನೂ ಮತ್ತೆ ಮಾಡ್ತೀನಿ.