ಈರುಳ್ಳಿ ಪೊರೆಯಲ್ಲಿ ಪ್ಲಾಸ್ಮಾಲಿಸಿಸ್ ಕಾಣುತ್ತಿಲ್ಲ: ಉಪ್ಪು ಸಾಲದೋ, ಬಣ್ಣ ಕೆಡಿಸಿತೋ?

ಪ್ರಶ್ನೆ (ಲ್ಯಾಬ್‌ಬೆಂಚ್)

ಪ್ರಥಮ ಪಿಯುಸಿ ಪ್ರಾಕ್ಟಿಕಲ್‌ಗೆ ಪ್ಲಾಸ್ಮಾಲಿಸಿಸ್ (ನೀರು ಹೊರಹೋಗಿ ಕೋಶದ ಒಳಭಾಗ ಭಿತ್ತಿಯಿಂದ ಬಿಟ್ಟು ಕುಗ್ಗುವುದು) ತೋರಿಸಬೇಕು. ರೋಯೋ ಗಿಡ ಸಿಗದ ಕಾರಣ ಈರುಳ್ಳಿ ಬಳಸಲಾಗಿದೆ. ಎಸಳಿನ ಒಳಮೈಯ ಪೊರೆ ಸುಲಿದು, ಒಂದು ಹನಿ ಸ್ಯಾಫ್ರನಿನ್ ಎಂಬ ಕೆಂಪು ಬಣ್ಣ ಹಾಕಿ ಎರಡು ನಿಮಿಷ ಬಿಟ್ಟು ತೊಳೆದು, ಆಮೇಲೆ 5% ಉಪ್ಪಿನ ದ್ರಾವಣ. ಕೋಶಭಿತ್ತಿ, ಕೋಶಕೇಂದ್ರ ಎರಡೂ ಸೊಗಸಾಗಿ ಕಾಣುತ್ತವೆ, ಆದರೆ ಒಳಗಿನದು ಕುಗ್ಗುವುದೇ ಇಲ್ಲ. ಹತ್ತು ನಿಮಿಷ ಕಾದರೂ ಇದ್ದ ಹಾಗೇ ಇದೆ. 5% ಸಕ್ಕರೆ ದ್ರಾವಣದಲ್ಲೂ ಅದೇ ಕಥೆ.

ಕೆಂಪು ಈರುಳ್ಳಿಯ ಹೊರಮೈಯಿಂದ ತೆಗೆದ ಪೊರೆಯಲ್ಲಿ, ಯಾವ ಬಣ್ಣವನ್ನೂ ಹಾಕದೆ ನೋಡಿದಾಗ, ಬಹಳಷ್ಟು ಕೋಶಗಳು ಕುಗ್ಗಿದವು. ಮತ್ತೆ ನೀರು ಬಿಟ್ಟರೆ ಮಾತ್ರ ಅರ್ಧದಷ್ಟು ಕೋಶಗಳು ಮೊದಲಿನಂತಾಗುವ ಬದಲು ಬಣ್ಣ ಕಳೆದುಕೊಂಡು ಖಾಲಿಯಾದವು. ಎಲ್ಲಿ ತಪ್ಪುತ್ತಿದೆ? ಜೊತೆಗೆ ಮಕ್ಕಳು ಕೇಳುವ ಎರಡು ಪ್ರಶ್ನೆ: ಭಿತ್ತಿಗೂ ಕುಗ್ಗಿದ ಕೋಶಪೊರೆಗೂ ನಡುವಿನ ಜಾಗದಲ್ಲಿ ಏನಿರುತ್ತದೆ? ಎಲ್ಲ ಕೋಶಗಳಲ್ಲೂ ಒಂದೇ ಡಿಎನ್‌ಎ ಇದ್ದರೂ ಬಣ್ಣ ಹೊರಪದರಕ್ಕೆ ಮಾತ್ರ ಏಕೆ?

ಉತ್ತರ (ರಸದಾನಿ)

ಸ್ಯಾಫ್ರನಿನ್ ಹಾಕಿದಾಗಲೇ ಪ್ರಯೋಗ ಮುಗಿದುಹೋಯಿತು. ಲ್ಯಾಬ್‌ಗಳಲ್ಲಿ ಅದನ್ನು ಸಾಮಾನ್ಯವಾಗಿ ಆಲ್ಕೋಹಾಲ್ ಬೆರೆಸಿ ಮಾಡಿಟ್ಟಿರುತ್ತಾರೆ. ಪೊರೆಗೆ ತಾಗಿದರೆ ಕೋಶ ಸಾಯುತ್ತದೆ. ಅಯೋಡಿನ್ ಹಾಕಿದರೂ ಅಷ್ಟೇ. ಕೋಶಕೇಂದ್ರ ಅಷ್ಟು ಗಾಢವಾಗಿ ಬಣ್ಣ ಹಿಡಿದಿದೆ ಅಂದರೇನೇ ಆ ಕೋಶ ಸತ್ತಿದೆ ಅಂತ ಅನುಮಾನಪಡಬೇಕು. ಕೋಶದ ರಚನೆ ತೋರಿಸುವ ಸ್ಲೈಡ್ ಬೇರೆ, ಪ್ಲಾಸ್ಮಾಲಿಸಿಸ್ ಸ್ಲೈಡ್ ಬೇರೆ. ಎರಡನ್ನೂ ಒಂದೇ ಪೊರೆಯಲ್ಲಿ ಮುಗಿಸಲು ಹೋದರೆ ಹೀಗೇ ಆಗುತ್ತದೆ.

ಪ್ಲಾಸ್ಮಾಲಿಸಿಸ್ ನಡೆಯಬೇಕಾದರೆ ಕೋಶಪೊರೆ (ಸುಲಿದ ಪೊರೆಯಲ್ಲ, ಪ್ರತಿ ಕೋಶದ ಒಳಗಿನ ಪ್ಲಾಸ್ಮಾ ಪೊರೆ) ನೀರನ್ನು ಬಿಡಬೇಕು, ಉಪ್ಪನ್ನು ತಡೆಯಬೇಕು. ಸತ್ತ ಕೋಶದ ಪೊರೆಗೆ ಈ ಆಯ್ಕೆಯ ಗುಣವಿಲ್ಲ. ಉಪ್ಪು ಒಳಕ್ಕೂ ನುಗ್ಗುತ್ತದೆ, ಒಳಗೂ ಹೊರಗೂ ಸಾಂದ್ರತೆ ಸಮವಾಗುತ್ತದೆ, ನೀರು ಹೊರಬರಲು ಕಾರಣವೇ ಉಳಿಯುವುದಿಲ್ಲ. ಇದನ್ನೇ ಕಂಟ್ರೋಲ್ ಆಗಿ ಬಳಸಿಕೊಳ್ಳಿ: ಕೆಂಪು ಪೊರೆಯ ಒಂದು ತುಂಡನ್ನು ಎರಡು ನಿಮಿಷ ಕುದಿಸಿ ಉಪ್ಪಿನ ದ್ರಾವಣದಲ್ಲಿಡಿ. ಬಣ್ಣ ಸೋರಿಹೋಗಿರುತ್ತದೆ, ಒಂದು ಕೋಶವೂ ಕುಗ್ಗಿರುವುದಿಲ್ಲ. ಪಕ್ಕದಲ್ಲಿ ಜೀವಂತ ತುಂಡಿಟ್ಟು ತೋರಿಸಿದರೆ ಮಕ್ಕಳಿಗೆ ಅರ್ಧ ಪಾಠ ಅಲ್ಲೇ ಆಗುತ್ತದೆ.

ಪೊರೆ ತೆಗೆಯುವ ಬಗ್ಗೆ: ಎಸಳಿನ ಉಬ್ಬಿದ ಹೊರಮೈಯ ಮೇಲೆ ಬ್ಲೇಡಿನಿಂದ 5 ಮಿ.ಮೀ. ಚೌಕ ಗೀರಿ, ಮೂಲೆ ಹಿಡಿದು ಫೋರ್ಸೆಪ್ಸ್‌ನಲ್ಲಿ ಎಳೆಯಿರಿ. ಒಳಮೈಯಷ್ಟು ಸಲೀಸಾಗಿ ಬರುವುದಿಲ್ಲ, ಅಡಿಯ ಬಿಳಿ ತಿರುಳೂ ಅಂಟಿಕೊಂಡು ಬರುತ್ತದೆ. ಎರಡು ಮೂರು ತುಂಡು ತೆಗೆದು ತೆಳುವಾದ ಅಂಚನ್ನು ಆರಿಸಿಕೊಳ್ಳಿ. ತಕ್ಷಣ ನೀರಿಗೆ ಹಾಕಿ, ಗಾಳಿಗೆ ಒಣಗಲು ಬಿಡಬೇಡಿ. ಬೆಂಗಳೂರು ಗುಲಾಬಿ ಈರುಳ್ಳಿಯ ಬಣ್ಣಕ್ಕೆ ಎಣೆಯಿಲ್ಲ, ಆದರೆ ಗಡ್ಡೆ ಚಿಕ್ಕದು, ಎಸಳು ತೀರಾ ಬಾಗಿರುತ್ತದೆ. ದಪ್ಪ ಕೆಂಪು ಗಡ್ಡೆಯೇ ಕೈಗೆ ಸುಲಭ.

ನೋಡಲು 10x ಸಾಕು. ಡಯಾಫ್ರಂ ಸ್ವಲ್ಪ ಮುಚ್ಚಿ, ಇಲ್ಲದಿದ್ದರೆ ಬೆಳಕು ಹೆಚ್ಚಾಗಿ ಪೊರೆಯ ಗೆರೆಯೇ ಮಾಯವಾಗುತ್ತದೆ. ಕತ್ತರಿಸಿದ ಅಂಚಿನ ಎರಡು ಸಾಲು ಕೋಶಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ, ಅವು ಸುಲಿಯುವಾಗಲೇ ಸತ್ತಿರುತ್ತವೆ.

ಉತ್ತರ (ಮೋಲಾರ್)

ಸಕ್ಕರೆಯಲ್ಲಿ ಕುಗ್ಗದಿದ್ದಕ್ಕೆ ಸ್ಯಾಫ್ರನಿನ್ ಒಂದನ್ನೇ ದೂರಿದರೆ ಸಾಲದು. ಜೀವಂತ ಪೊರೆ ಇಟ್ಟಿದ್ದರೂ 5% ಸಕ್ಕರೆಯಲ್ಲಿ ಏನೂ ಕಾಣುತ್ತಿರಲಿಲ್ಲ. ಲೆಕ್ಕ ನೋಡಿ. 5% ಉಪ್ಪು ಎಂದರೆ ಲೀಟರಿಗೆ 50 ಗ್ರಾಂ, 58.44ರಿಂದ ಭಾಗಿಸಿದರೆ ಸುಮಾರು 0.86 ಮೋಲಾರ್, ಸೋಡಿಯಂ, ಕ್ಲೋರೈಡ್ ಬೇರೆಬೇರೆಯಾಗುವುದರಿಂದ ಕಣಗಳ ಲೆಕ್ಕದಲ್ಲಿ ಹತ್ತಿರಹತ್ತಿರ ಎರಡರಷ್ಟು. ಅಭಿಸರಣ ಒತ್ತಡ ಸುಮಾರು 40 ಬಾರ್. 5% ಸಕ್ಕರೆಯೂ ಲೀಟರಿಗೆ 50 ಗ್ರಾಂ, ಆದರೆ ಅಣುತೂಕ 342, ಹಾಗಾಗಿ 0.15 ಮೋಲಾರ್‌ಗಿಂತ ತುಸು ಕಡಿಮೆ, ಒಡೆಯುವುದೂ ಇಲ್ಲ: 3.6 ಬಾರ್ ಅಷ್ಟೇ. ಶೇಕಡಾವಾರು ಒಂದೇ ಇದ್ದರೂ ವ್ಯತ್ಯಾಸ ಹತ್ತು ಪಟ್ಟಿಗೂ ಹೆಚ್ಚು. ಈರುಳ್ಳಿ ಕೋಶರಸದ ಒತ್ತಡ ಇವೆರಡರ ನಡುವೆ ಎಲ್ಲೋ ಇರುತ್ತದೆ; ಹೊರಗಿನದು ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಕೋಶ ಕುಗ್ಗುತ್ತದೆ.

ಅದಕ್ಕೇ ಶೇಕಡಾ ಬಿಟ್ಟು ಮೋಲಾರ್‌ನಲ್ಲಿ ಕೆಲಸ ಮಾಡಿ. 34.2 ಗ್ರಾಂ ಸಕ್ಕರೆಯನ್ನು ಮೊದಲು 70 ಮಿ.ಲೀ. ನೀರಿನಲ್ಲಿ ಕರಗಿಸಿ, ಆಮೇಲೆ 100 ಮಿ.ಲೀ. ಗುರುತಿನವರೆಗೆ ನೀರು ತುಂಬಿ. ಇದು 1 ಮೋಲಾರ್. 100 ಮಿ.ಲೀ. ನೀರಿಗೇ ಸಕ್ಕರೆ ಸುರಿಯುವವರು ಬಹಳ. ಆಗ ಒಟ್ಟು ದ್ರಾವಣ 120 ಮಿ.ಲೀ. ದಾಟುತ್ತದೆ, ಸಾಂದ್ರತೆ 0.83ರ ಹತ್ತಿರಕ್ಕೆ ಇಳಿಯುತ್ತದೆ. ಈ 1 ಮೋಲಾರ್‌ನಿಂದ 0.1, 0.2, ಹೀಗೆ 0.6ರವರೆಗೆ ಸರಣಿ ಮಾಡಿ. 0.3 ಬೇಕಿದ್ದರೆ 3 ಮಿ.ಲೀ.ಗೆ 7 ಮಿ.ಲೀ. ನೀರು. ಪ್ರತಿ ವಾಚ್‌ಗ್ಲಾಸ್‌ನಲ್ಲಿ ಒಂದೊಂದು ತುಂಡು ಮುಳುಗಿಸಿ 20 ನಿಮಿಷ ಬಿಡಿ. ತೇಲುವ ತುಂಡನ್ನು ಸೂಜಿಯಿಂದ ಒತ್ತಿ ಮುಳುಗಿಸಿ, ಇಲ್ಲವಾದರೆ ಒಂದು ಮೈ ಒಣಗಿದಂತೆಯೇ ಇರುತ್ತದೆ. ಸ್ಲೈಡಿಗೆ ಏರಿಸುವಾಗ ಅದೇ ದ್ರಾವಣದ ಹನಿ ಹಾಕಬೇಕು, ನೀರಲ್ಲ.

ಪ್ರತಿ ತುಂಡಿನಲ್ಲೂ 50 ಕೋಶವಾದರೂ ಎಣಿಸಿ. ಒಂದು ಮೂಲೆಯಲ್ಲಿ ಪೊರೆ ಭಿತ್ತಿಯಿಂದ ಬಿಟ್ಟಿದ್ದರೂ ಅದು ಕುಗ್ಗಿದ ಕೋಶವೇ. ಅರ್ಧದಷ್ಟು ಕೋಶಗಳು ಕುಗ್ಗಿದ ಸಾಂದ್ರತೆಯನ್ನು ಗ್ರಾಫಿನಿಂದ ಓದಿ; ಅದು ಉದಾಹರಣೆಗೆ 0.3 ಮೋಲಾರ್ ಬಂದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.3 × 0.0831 × 298, ಅಂದರೆ 7.4 ಬಾರ್; ಅದೇ ಕೋಶರಸದ ಅಂದಾಜು ಒತ್ತಡ. ರೋಯೋ ಎಲೆಯಲ್ಲಿ ಇದನ್ನೇ ಮಾಡುವುದಾದರೆ ಪತ್ರರಂಧ್ರದ ಕಾವಲು ಕೋಶಗಳನ್ನು ಎಣಿಕೆಗೆ ಸೇರಿಸಬೇಡಿ. ಅವುಗಳ ಒಳಸಾಂದ್ರತೆ ರಂಧ್ರ ತೆರೆದಂತೆ ಮುಚ್ಚಿದಂತೆ ಬದಲಾಗುತ್ತಿರುತ್ತದೆ.

ಬೋರ್‌ವೆಲ್ ನೀರು ಬಳಸಬಹುದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲೀಟರಿಗೆ 1 ಗ್ರಾಂ ಲವಣವಿದ್ದರೂ ಅದರ ಪಾಲು ಒಂದು ಬಾರ್‌ಗೂ ಕಡಿಮೆ. ಪ್ರದರ್ಶನಕ್ಕೆ ಧಾರಾಳ ಸಾಕು. ಗ್ರಾಫ್ ಹಾಕುವುದಾದರೆ ಡಿಸ್ಟಿಲ್ಡ್ ವಾಟರ್ ಬಳಸಿ.

ಮರುಪ್ರಶ್ನೆ (ಲ್ಯಾಬ್‌ಬೆಂಚ್)

ಇಬ್ಬರಿಗೂ ಧನ್ಯವಾದ. ಕೆಂಪು ಈರುಳ್ಳಿ ಸಿಗದ ದಿನ ಒಳಮೈಯ ಬಿಳಿ ಪೊರೆಗೆ ಜೀವಂತವಾಗಿಯೇ ಬಣ್ಣ ಕೊಡಲು ದಾರಿ ಇದೆಯೇ? ಇನ್ನೊಂದು: ನೀರು ಹೊರಬರಲು ಎಟಿಪಿ (ಕೋಶದ ಶಕ್ತಿಯ ಅಣು) ಬೇಕೇ, ಅಕ್ವಾಪೋರಿನ್ (ಪೊರೆಯಲ್ಲಿ ನೀರು ಹಾಯುವ ಪ್ರೋಟೀನ್ ಕಾಲುವೆ) ಇಲ್ಲದಿದ್ದರೆ ಇದು ನಡೆಯುವುದಿಲ್ಲವೇ?

ಉತ್ತರ (ನ್ಯೂಟ್ರಲ್‌ರೆಡ್)

ಇದೆ, ನನ್ನ ಹೆಸರಿನಲ್ಲೇ ಇದೆ. 100 ಮಿ.ಲೀ. ನೀರಿಗೆ 10 ಮಿ.ಗ್ರಾಂ ನ್ಯೂಟ್ರಲ್ ರೆಡ್. ಇದೊಂದು ಪಿಎಚ್ ಸೂಚಕವೂ ಹೌದು. ಹಾಗಾಗಿ ಪಿಎಚ್ ಪೇಪರ್ ಬೇಡ. ದ್ರಾವಣ ಕೆಂಪಗಿದ್ದರೆ ಆಮ್ಲೀಯ. ಅಡುಗೆ ಸೋಡಾವನ್ನು ಚಿಟಿಕೆಗಿಂತಲೂ ಕಡಿಮೆ, ಸ್ವಲ್ಪಸ್ವಲ್ಪವೇ ಬೆರೆಸುತ್ತಾ ಕಲಕಿ. ಕೆಂಪು ಹೋಗಿ ಕಿತ್ತಳೆಗೆ ತಿರುಗಿದ ಕೂಡಲೇ ನಿಲ್ಲಿಸಿ. ಪೂರ್ತಿ ಹಳದಿಯಾಗುವಷ್ಟು ಹಾಕಿದರೆ ಬಣ್ಣ ಕರಗಿರದೆ ತಳಕ್ಕಿಳಿಯುತ್ತದೆ. ಪೊರೆಯನ್ನು ಅದರಲ್ಲಿ ಹತ್ತು ನಿಮಿಷ ಇಟ್ಟು, ನೀರಿನಲ್ಲಿ ತೊಳೆದು ನೋಡಿ. ಕೋಶದೊಳಗಿನ ರಸದಾನಿ (ವ್ಯಾಕ್ಯುವೋಲ್) ಚೆಂದದ ಗುಲಾಬಿ ಕೆಂಪಾಗಿರುತ್ತದೆ, ಭಿತ್ತಿ ಬಣ್ಣ ಹಿಡಿದಿರುವುದಿಲ್ಲ.

ಕಾರಣ ಪೊರೆಯ ಪಾಠಕ್ಕೇ ಸೇರಿದ್ದು. ಈ ಬಣ್ಣದ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಹಿಡಿದಿರುವ ಪಿಎಚ್) ಸುಮಾರು 6.8. ಹೊರಗೆ ಪಿಎಚ್ 8ರ ಹತ್ತಿರ ಇದ್ದರೆ ಹೆಚ್ಚಿನ ಅಣುಗಳಿಗೆ ವಿದ್ಯುದಂಶವಿಲ್ಲ, ಲಿಪಿಡ್ ಪದರವನ್ನು ಸಲೀಸಾಗಿ ದಾಟುತ್ತವೆ. ಪ್ಲಾಸ್ಮಾ ಪೊರೆ, ಆಮೇಲೆ ರಸದಾನಿಯ ಪೊರೆಯಾದ ಟೋನೊಪ್ಲಾಸ್ಟ್, ಎರಡನ್ನೂ ದಾಟಿ ಪಿಎಚ್ 5.5ರ ಆಸುಪಾಸಿನ ರಸದಾನಿಗೆ ಬಿದ್ದ ಕೂಡಲೇ ಪ್ರೋಟಾನ್ ಹಿಡಿದು ಧನ ಅಯಾನು ಆಗುತ್ತವೆ. ಆಮೇಲೆ ವಾಪಸ್ ಬರಲಾಗದು. ಬಣ್ಣವನ್ನು ಯಾರೂ ಪಂಪ್ ಮಾಡಿಲ್ಲ, ಆದರೆ ರಸದಾನಿಯನ್ನು ಆಮ್ಲೀಯವಾಗಿ ಇಟ್ಟಿರುವ ಪ್ರೋಟಾನ್ ಪಂಪ್‌ಗೆ ಎಟಿಪಿ ಬೇಕು. ಅದೇ ಬಣ್ಣವನ್ನು ಆಮ್ಲೀಯ ನೀರಿನಲ್ಲಿ ಕೊಟ್ಟು ನೋಡಿ, ಒಳಗೆ ಹೋಗದೆ ಭಿತ್ತಿಗೆ ಅಂಟಿಕೊಳ್ಳುತ್ತದೆ.

ನೀರಿಗೆ ಬರೋಣ. ನೀರು ಹೊರಬರುವುದಕ್ಕೆ ನೇರವಾಗಿ ಎಟಿಪಿ ಬೇಡ. ನೀರಿನ ವಿಭವ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ತಾನಾಗಿ ಹರಿಯುತ್ತದೆ. ಅಕ್ವಾಪೋರಿನ್ ಇಲ್ಲದಿದ್ದರೂ ಲಿಪಿಡ್ ಪದರದ ಮೂಲಕವೇ ನೀರು ನಿಧಾನವಾಗಿ ಹೋಗುತ್ತದೆ. ಅಕ್ವಾಪೋರಿನ್ ವೇಗ ಹೆಚ್ಚಿಸುತ್ತದೆ, ದಿಕ್ಕನ್ನಾಗಲಿ ಕೊನೆಯ ಸ್ಥಿತಿಯನ್ನಾಗಲಿ ಬದಲಿಸುವುದಿಲ್ಲ. ಪೀಟರ್ ಆಗ್ರೆ ತಂಡ 1992ರಲ್ಲಿ ತೋರಿಸಿದ್ದೂ ವೇಗವನ್ನೇ: ಈ ಪ್ರೋಟೀನಿನ ಆರ್‌ಎನ್‌ಎ ಚುಚ್ಚಿದ ಕಪ್ಪೆಯ ಅಂಡಕೋಶಗಳನ್ನು ತಿಳಿ ದ್ರಾವಣಕ್ಕೆ ಹಾಕಿದಾಗ ಅವು ಬೇಗ ಉಬ್ಬಿ ಒಡೆದವು, ಚುಚ್ಚದವು ತಾಳಿಕೊಂಡವು. 2003ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರಿಗೆ ಪಾಲು ಸಿಕ್ಕಿದ್ದು ಇದಕ್ಕೇ.

ಉತ್ತರ (ಹೆಕ್ಟ್‌ಎಳೆ)

ಮತ್ತೆ ನೀರು ಹಾಕಿದಾಗ ಕೋಶ ಖಾಲಿಯಾಗುವ ವಿಷಯವನ್ನು ಯಾರೂ ಮುಟ್ಟಿಲ್ಲ. ಅವು ಒಡೆದಿವೆ. ಲಿಪಿಡ್ ಪದರ ಎರಡು ಮೂರು ಶೇಕಡಾಕ್ಕಿಂತ ಹೆಚ್ಚು ಹಿಗ್ಗುವುದಿಲ್ಲ. ಕುಗ್ಗುವಾಗ ಮಿಕ್ಕ ಪೊರೆಯಲ್ಲಿ ಒಂದಷ್ಟನ್ನು ಕೋಶ ಸಣ್ಣ ಗುಳ್ಳೆಗಳಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಹಿಗ್ಗುವಾಗ ಆ ಪೊರೆ ಮತ್ತೆ ಮೇಲ್ಮೈಗೆ ಸೇರಬೇಕು, ಅದಕ್ಕೆ ಸಮಯ ಬೇಕು. 40 ಬಾರ್‌ನಿಂದ ಒಮ್ಮೆಲೇ ಬರಿ ನೀರಿಗೆ ತಂದರೆ ಆ ಸಮಯ ಸಿಗುವುದಿಲ್ಲ. ಪೊರೆ ಹರಿಯುತ್ತದೆ, ಬಣ್ಣ ಸೋರುತ್ತದೆ.

ಹಾಗಾಗಿ ಉಪ್ಪಿನಲ್ಲಿ ಐದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಹಿಂದಿರುಗುವಾಗ 3%, 2%, 1%, ಆಮೇಲೆ ನೀರು, ಪ್ರತಿ ಹಂತಕ್ಕೂ ಐದು ನಿಮಿಷ. ಕವರ್‌ಸ್ಲಿಪ್ ಎತ್ತಬೇಡಿ. ಒಂದು ಅಂಚಿನಲ್ಲಿ ಹನಿ ಇಟ್ಟು ಎದುರು ಅಂಚಿನಲ್ಲಿ ಫಿಲ್ಟರ್ ಪೇಪರ್ ತಾಗಿಸಿದರೆ ದ್ರಾವಣ ತಾನೇ ಬದಲಾಗುತ್ತದೆ, ನೋಡುತ್ತಿದ್ದ ಕೋಶವೂ ಕಣ್ಣೆದುರೇ ಇರುತ್ತದೆ. ನನ್ನ ಅಭಿಪ್ರಾಯದಲ್ಲಿ ಮರಳಿ ಹಿಗ್ಗುವುದನ್ನು ತೋರಿಸಲೇಬೇಕಿದ್ದರೆ ಉಪ್ಪಿನ ಗೋಜೇ ಬೇಡ, 0.5 ಮೋಲಾರ್ ಸಕ್ಕರೆ ಸಾಕು.

ನಡುವಿನ ಜಾಗದಲ್ಲಿರುವುದು ಹೊರಗಿನ ದ್ರಾವಣವೇ. ಗಾಳಿ ಎಂದು ಬರೆಯುವವರಿದ್ದಾರೆ, ನಿರ್ವಾತ ಎಂದು ಬರೆಯುವವರೂ ಇದ್ದಾರೆ. ಕೋಶಭಿತ್ತಿ ಉಪ್ಪು, ಸಕ್ಕರೆ ಎರಡನ್ನೂ ಸರಾಗ ಬಿಡುತ್ತದೆ. 40xನಲ್ಲಿ ಡಯಾಫ್ರಂ ಮುಚ್ಚಿ ಆ ಜಾಗವನ್ನೇ ದಿಟ್ಟಿಸಿದರೆ ಕುಗ್ಗಿದ ಪೊರೆಯಿಂದ ಭಿತ್ತಿಗೆ ಹೋಗುವ ಕೂದಲೆಳೆಗಿಂತ ಸಣ್ಣ ದಾರಗಳು ಕೆಲವೊಮ್ಮೆ ಕಾಣುತ್ತವೆ. 1912ರಲ್ಲಿ ಹೆಕ್ಟ್ ವಿವರಿಸಿದ ಎಳೆಗಳು ಇವೇ. ಪೊರೆ ಭಿತ್ತಿಗೆ ಗಟ್ಟಿಯಾಗಿ ಅಂಟಿಕೊಂಡಿರುವ ಕಡೆ ಅದು ಪೂರ್ತಿ ಬಿಡದೆ ಎಳೆಯಾಗಿ ಉಳಿಯುತ್ತದೆ. ಮೊದಮೊದಲು ಪೊರೆ ಅಂಕುಡೊಂಕಾಗಿ ಒಳಕ್ಕೆ ಬಾಗಿರುತ್ತದೆ, ಹೊತ್ತು ಹೋದಂತೆ ದುಂಡಗಾಗುತ್ತದೆ. ಚಿತ್ರ ಬರೆಸುವಾಗ ಎರಡು ಹಂತವನ್ನೂ ಬರೆಸಿ, ಎಷ್ಟನೇ ನಿಮಿಷದ್ದು ಎಂದು ಪಕ್ಕದಲ್ಲಿ ನಮೂದಿಸಲಿ.

ಉತ್ತರ (ರಸದಾನಿ)

ಡಿಎನ್‌ಎ ಪ್ರಶ್ನೆ ಉಳಿದಿತ್ತು. ಈರುಳ್ಳಿಗೆ ಕೆಂಪು ಕೊಡುವ ಆಂಥೋಸಯನಿನ್ ಬಣ್ಣವನ್ನು ತಯಾರಿಸುವ ಕಿಣ್ವಗಳ ಜೀನ್‌ಗಳು ತಿರುಳಿನ ಕೋಶದಲ್ಲೂ ಇವೆ, ಅಲ್ಲಿ ಅವು ಸಾಕಷ್ಟು ನಕಲಾಗುವುದಿಲ್ಲ ಅಷ್ಟೇ. ಈ ಜೀನ್‌ಗಳ ಪ್ರಮೋಟರ್ (ನಕಲು ಶುರುವಾಗಲು ಬೇಕಾದ ಡಿಎನ್‌ಎ ಭಾಗ) ಮೇಲೆ ಮಿಬ್, ಬಿಎಚ್‌ಎಲ್‌ಎಚ್, ಡಬ್ಲ್ಯೂಡಿ40 ಎಂಬ ಮೂರು ಬಗೆಯ ಪ್ರೋಟೀನ್‌ಗಳು ಸೇರಿ ಕೂತರೆ ಮಾತ್ರ ಎಂಆರ್‌ಎನ್‌ಎ ಧಾರಾಳವಾಗಿ ತಯಾರಾಗುತ್ತದೆ. ಹೊರಪದರದಲ್ಲಿ ಆ ಕೂಟ ಸೇರುತ್ತದೆ. ಬಿಳಿ ಈರುಳ್ಳಿಯಲ್ಲಿ ಬಣ್ಣ ಬರದಿರುವುದಕ್ಕೆ ಮಾತ್ರ ಇದೇ ಉತ್ತರ ಹೇಳಬೇಡಿ. ಅಲ್ಲಿ ತಳಿಯ ಜೀನ್‌ನಲ್ಲೇ ವ್ಯತ್ಯಾಸವಿರುತ್ತದೆ.

ಇದನ್ನು ಸ್ಲೈಡಿಗೇ ಜೋಡಿಸಬಹುದು. ಈ ಕಿಣ್ವಗಳು ಕೆಲಸ ಮಾಡುವುದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂನ ಕೋಶದ್ರವ್ಯದ ಬದಿಯಲ್ಲಿ. ತಯಾರಾದ ಬಣ್ಣವನ್ನು ಟೋನೊಪ್ಲಾಸ್ಟ್‌ನ ಸಾಗಣೆ ಪ್ರೋಟೀನ್‌ಗಳು ರಸದಾನಿಗೆ ತುಂಬುತ್ತವೆ. ಪ್ಲಾಸ್ಮಾಲಿಸಿಸ್‌ನಲ್ಲಿ ನೀರು ಹೊರಹೋದರೂ ಬಣ್ಣ ಹೊರಬರುವುದಿಲ್ಲ, ಹಾಗಾಗಿ ಕುಗ್ಗಿದ ಕೋಶ ಮೊದಲಿಗಿಂತ ಗಾಢವಾಗಿ ಕಾಣುತ್ತದೆ. ಕುಗ್ಗಿದೆ, ಆದರೆ ಬಣ್ಣ ತಿಳಿಯಾಗಿದೆ ಎಂದು ಯಾರಾದರೂ ಬರೆದಿದ್ದರೆ ಅವರ ಪೊರೆ ಸೋರುತ್ತಿದೆ. ಹೊಸ ತುಂಡು ತೆಗೆಸಿ.